ತಿಂದು ನೋಡುವ ಕೆಲಸ

ನನ್ನ ಅಮ್ಮನಿಗೆ ಗುರುತಿಲ್ಲದ ಅಣಬೆಯೊಂದನ್ನು ಬೇಯಿಸಿ ತಿನ್ನಿಸಿದರು. ಅವಳು ಸತ್ತಳು. ಅವಳು ಸತ್ತದ್ದರಿಂದ ಆ ಅಣಬೆ ವಿಷದ್ದು ಎಂದು ತೀರ್ಮಾನವಾಯಿತು. ಸಂಸ್ಥೆಯ ಪುಸ್ತಕದಲ್ಲಿ ಅದರ ಚಿತ್ರದ ಕೆಳಗೆ ಹಾಗಂತ ಅಚ್ಚಾಗಿದೆ. ಅಮ್ಮ ಹೇಳಿದ ಮಾತು ಎಲ್ಲೂ ಅಚ್ಚಾಗಿಲ್ಲ.

ಸಂಸ್ಥೆ ಎಂದರೆ ಊರು ಮುಗಿದು ಕಾಡು ಶುರುವಾಗುವಲ್ಲಿ ನಿಂತಿರುವ, ಎತ್ತರದ ಕಿಟಕಿಗಳ ಕಟ್ಟಡ. ಅಲ್ಲಿ ಅಣಬೆಗಳನ್ನು ಓದುತ್ತಾರೆ. ಓದುವವರು ಗಂಡಸರು. ತರುವವರು ಹೆಂಗಸರು. ಓದುವವರಿಗೆ ಮುಂದಿನ ಬಾಗಿಲು, ತರುವವರಿಗೆ ಹಿಂದಿನ ಗೇಟು. ಗೇಟಿನ ಪಕ್ಕ ಒಂದು ನಲ್ಲಿ. ಕಾಲು ತೊಳೆದು ಬರಬೇಕು. ಬುಟ್ಟಿಯನ್ನು ಒಳಗೆ ತರುವಂತಿಲ್ಲ. ಸಿಮೆಂಟಿನ ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ಸುರಿದು, ಪಕ್ಕಕ್ಕೆ ಸರಿದು ನಿಲ್ಲಬೇಕು. ಆಮೇಲೆ ಸಂಸ್ಥೆಯ ಮುಖ್ಯಸ್ಥರು, ನಮ್ಮ ಬಾಯಲ್ಲಿ ಸಾರ್, ಬರುತ್ತಾರೆ. ಕೈಯಲ್ಲಿ ಉದ್ದನೆಯ ಪೆನ್ಸಿಲ್. ಬಗ್ಗದೆ, ಪೆನ್ಸಿಲ್ ತುದಿಯಿಂದ ಒಂದೊಂದನ್ನೇ ಉರುಳಿಸಿ ನೋಡುತ್ತಾರೆ. ಬಗ್ಗುವ ಕೆಲಸವನ್ನು ನಾವು ಆಗಲೇ ಮುಗಿಸಿ ಬಂದಿರುತ್ತೇವೆ.

ಅಣಬೆ ಆಯುವುದು ಸೊಂಟದ ಕೆಲಸ. ಬೆಳಕು ಹರಿಯುವ ಮುಂಚೆ ಕಾಡು ಹೊಕ್ಕರೆ ಬಿಸಿಲೇರುವ ತನಕ ಬೆನ್ನು ನೆಟ್ಟಗಾಗುವುದಿಲ್ಲ. ಮಂಡಿ ಒದ್ದೆ, ಉಗುರಿನೊಳಗೆ ಕರಿ ಮಣ್ಣು, ಕಂಕುಳಲ್ಲಿ ಕೂಸು. ಎಲೆ ಸರಿಸಬೇಕು, ಬುಡಕ್ಕೆ ಬೆರಳು ಹಾಕಬೇಕು, ಅಣಬೆಯ ಕಾಲು ಮುರಿಯದಂತೆ ಎತ್ತಬೇಕು, ಮೂಗಿನ ಹತ್ತಿರ ಹಿಡಿಯಬೇಕು. ಗಂಡಸರು ಮರ ಕಡಿಯಲು ಹೋಗುತ್ತಿದ್ದರು, ಲಾರಿ ತುಂಬಲು ಹೋಗುತ್ತಿದ್ದರು. ಬಗ್ಗಿ ಹೆಕ್ಕುವುದು ಹೆಂಗಸರ ಪಾಲಿಗೆ ಬಂತು. ಅಜ್ಜಿ ಹೆಕ್ಕಿದಳು, ಅಜ್ಜಿಯ ಅಜ್ಜಿ ಹೆಕ್ಕಿದಳು. ಅವರಲ್ಲಿ ಯಾರೂ ಅದನ್ನು ವಿದ್ಯೆ ಅನ್ನಲಿಲ್ಲ. ಸಾಯಂಕಾಲಕ್ಕೆ ಏನಾದರೂ ಬೇಯಬೇಕಿತ್ತು, ಅಷ್ಟೇ.

ಅವರು ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಆಯ್ದವಳು ಮೊದಲು ತಿನ್ನಬೇಕು. ಒಬ್ಬಳೇ ತಿನ್ನಬೇಕು. ತಿಂದು ಮಲಗಬೇಕು. ಬೆಳಿಗ್ಗೆ ಎದ್ದು ಅವಳು ಒಲೆ ಹಚ್ಚಿದರೆ ಮಿಕ್ಕವರಿಗೆ ಬಡಿಸಬಹುದು. ಇದು ಗೊತ್ತಿರುವ ಅಣಬೆಗೇ ಇದ್ದ ಕಟ್ಟುಪಾಡು, ಬುಟ್ಟಿಯಲ್ಲಿ ಕಣ್ತಪ್ಪಿ ಬೇರೊಂದು ಸೇರಿಕೊಂಡಿದ್ದರೆ ಮಕ್ಕಳ ಬಾಯಿಗೆ ಹೋಗದಿರಲಿ ಅಂತ. ಗೊತ್ತಿಲ್ಲದ ಅಣಬೆಯನ್ನು ತಿನ್ನುವ ಮಾತೇ ಇರಲಿಲ್ಲ. ಅದನ್ನು ಮುಟ್ಟದೆ ಬಿಟ್ಟು ಬರುತ್ತಿದ್ದರು. ಅಮ್ಮನಿಗೆ ಗೊತ್ತಿದ್ದ ಅಣಬೆಗಳು ಎಷ್ಟೋ. 'ಗೊತ್ತಿಲ್ಲ' ಎಂದು ದಾಟಿ ಬಂದವು ಅದಕ್ಕಿಂತ ಹೆಚ್ಚು. ಹಾಗಿದ್ದೂ ಯಾವುದು ವಿಷ ಎಂದು ನಮಗೆ ಗೊತ್ತಿತ್ತಲ್ಲ, ಹೇಗೆ ಗೊತ್ತಾಯಿತು? ಯಾವಳೋ ಹಸಿದಿದ್ದಳು. ಯಾವಳೋ ಬೆಳಿಗ್ಗೆ ಏಳಲಿಲ್ಲ. ಅವಳ ಮನೆಯವರು ಆ ಅಣಬೆಯನ್ನು ನೆನಪಿಟ್ಟುಕೊಂಡರು. ಅವಳ ಹೆಸರು ಮರೆತರು.

ಈ ಕಟ್ಟುಪಾಡು ಸಾರ್ ಕಿವಿಗೆ ಬಿತ್ತು. ಅವರಿಗೆ ಖುಷಿಯಾಯಿತು. ಅವರು ಬರೆಯುತ್ತಿದ್ದದ್ದು ದೊಡ್ಡ ಪುಸ್ತಕ, ಕಾಡಿನ ಅಷ್ಟೂ ಅಣಬೆಗಳದ್ದು. ಒಂದೊಂದರ ಎದುರೂ ತಿನ್ನಬಹುದೋ ತಿನ್ನಬಾರದೋ ಎಂದು ಬರೆಯಬೇಕಿತ್ತು. ಕಾರಿಡಾರಿನ ಕೊನೆಯಲ್ಲಿ, ನಾನು ಕೆಲಸ ಮಾಡುತ್ತಿದ್ದ ಒಣಗಿಸುವ ಕೋಣೆಯ ಎದುರಿಗೆ, ಒಂದು ಸಣ್ಣ ಕೋಣೆ ಖಾಲಿ ಮಾಡಿಸಿದರು. ಒಂದು ಸ್ಟವ್, ಒಂದು ಅಲ್ಯೂಮಿನಿಯಂ ಪಾತ್ರೆ, ಒಂದು ತಟ್ಟೆ, ಒಂದು ಬೆಂಚು. ಬೆಂಚು ತಿಂದವಳು ರಾತ್ರಿ ಮಲಗುವುದಕ್ಕೆ. ಮನೆಯವರನ್ನು ಕಾಯಲು ಇದ್ದ ಕಟ್ಟುಪಾಡು ಅಲ್ಲಿ ಹೆಂಗಸರನ್ನು ಪರೀಕ್ಷೆಗೆ ಒಡ್ಡುವ ಉಪಾಯವಾಯಿತು.

ಹೆಂಗಸರು ಆ ಕೋಣೆಗೆ ಬೀಗರ ಮನೆ ಅಂತ ಹೆಸರಿಟ್ಟರು. ಬಡಿಸಿದ್ದನ್ನು ಮುಖ ಸಿಂಡರಿಸದೆ ತಿನ್ನಬೇಕು, ಸಾಕು ಅನ್ನುವಂತಿಲ್ಲ. ಇವತ್ತು ಬೀಗರ ಮನೆಗೆ ಯಾರು ಹೊರಟಿದ್ದೀರಿ ಅಂತ ಗೇಟಿನ ಹತ್ತಿರ ನಗುತ್ತಿದ್ದರು. ನಗು ನಿಂತ ಮೇಲೆ ಒಬ್ಬಳು ಒಳಗೆ ಹೋಗುತ್ತಿದ್ದಳು. ಯಾರಿಗೋ ವಾಂತಿಯಾಯಿತು. ಇನ್ಯಾರಿಗೋ ಎರಡು ದಿನ ಕಣ್ಣು ಮಂಜಾಯಿತು. ಒಂದು ಸಲ ಒಬ್ಬ ಮುದುಕಿ ಒಲ್ಲೆ ಅಂದಳು. ಮಾರನೆಯ ದಿನ ಅವಳ ಬುಟ್ಟಿಯನ್ನು ಕಾವಲಿನವನು ಗೇಟಿನ ಆಚೆಯೇ ಬೋರಲು ಹಾಕಿದ. ಅವಳು ಮತ್ತೆ ಬರಲಿಲ್ಲ. ಸಾರ್ ಯಾರನ್ನೂ ಬೈದವರಲ್ಲ. ಅವರು ಬೈಯಬೇಕಾಗಿಯೇ ಇರಲಿಲ್ಲ.

ಕಟ್ಟಡದ ಒಳಗೂ ಒಬ್ಬ ಹೆಂಗಸಿದ್ದರು. ಅವರನ್ನು ಎಲ್ಲರೂ ಚಿತ್ರದ ಮೇಡಂ ಅನ್ನುತ್ತಿದ್ದರು. ಕಾಲೇಜು ಓದಿದವರು. ಅಣಬೆ ಓದಲೆಂದೇ ಬಂದವರು. ಓದುವ ಕುರ್ಚಿ ಖಾಲಿ ಇಲ್ಲ, ಸದ್ಯಕ್ಕೆ ಚಿತ್ರ ಬರೆಯಿರಿ ಅಂದಿದ್ದರಂತೆ. ಆ ಸದ್ಯ ಮುಗಿಯಲೇ ಇಲ್ಲ. ಕೂದಲು ಬೆಳ್ಳಗಾಯಿತು, ಕನ್ನಡಕ ದಪ್ಪವಾಯಿತು. ಪುಸ್ತಕದ ಒಂದೊಂದು ಚಿತ್ರವೂ ಅವರ ಕೈಯದ್ದು. ಹೊದಿಕೆಯ ಮೇಲೆ ಸಾರ್ ಹೆಸರು. ಮುನ್ನುಡಿಯ ಕೊನೆಯಲ್ಲಿ 'ನೆರವಾದ ಹೆಣ್ಣುಮಕ್ಕಳಿಗೂ ಕೃತಜ್ಞತೆಗಳು' ಎಂಬ ಒಂದು ಸಾಲು. ಆ ಸಾಲಿನಲ್ಲಿ ಮೇಡಂ ಇದ್ದಾರೆ, ಅಮ್ಮ ಇದ್ದಾಳೆ, ಬುಟ್ಟಿ ಬೋರಲಾದ ಮುದುಕಿಯೂ ಇದ್ದಾಳೆ. ಬಾಯಲ್ಲಿ ಹೇಳಲು ಮೂರು ಜನಕ್ಕೂ ಒಂದೇ ಉಸಿರು ಸಾಕು.

ಅಣಬೆ ಕಿತ್ತ ಗಳಿಗೆಯಿಂದ ಬಾಡುತ್ತದೆ. ಬಣ್ಣ ಇಳಿಯುತ್ತದೆ, ಕೊಡೆಯಡಿಯ ಗರಿ ಕಪ್ಪಾಗುತ್ತದೆ. ಹಾಗಾಗಿ ಮೇಡಂ ಬರೆಯುವಾಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸ್ಟೂಲು ಒಂದೇ, ಅಮ್ಮ ನೆಲದ ಮೇಲೆ. ಇದು ಎಳೆಯದಿದ್ದಾಗ ಯಾವ ಬಣ್ಣ, ಮಣ್ಣೊಳಗಿನ ಬುಡ ಎಷ್ಟು ದಪ್ಪ ಅಂತ ಕೇಳುತ್ತಿದ್ದರು. ಅಮ್ಮ ಹೇಳುತ್ತಿದ್ದಳು. ಆಮೇಲೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಮೇಡಂಗೆ ಮದುವೆಯಾಗಿರಲಿಲ್ಲ. ಅಮ್ಮ ಗಂಡನನ್ನು ಬಿಟ್ಟು ಬಂದವಳು. ನಿಮಗೆ ಇಲ್ಲ, ನನಗೆ ಇದ್ದೂ ಇಲ್ಲ, ಇಬ್ಬರಿಗೂ ಪಾತ್ರೆ ತೊಳೆಯೋದು ಉಳೀತು ಅಂತ ಅಮ್ಮ ಅಂದರೆ ಮೇಡಂ ಕುಂಚ ಕೆಳಗಿಟ್ಟು ನಗುತ್ತಿದ್ದರು. ನಾನು ಓರೆಯಾಗಿ ಎದುರಿನ ಕೋಣೆಯಲ್ಲಿ ತಂತಿ ಜಾಲರಿಯ ಮೇಲೆ ಅಣಬೆ ಹರಡುತ್ತಾ ಆ ನಗು ಕೇಳಿಸಿಕೊಳ್ಳುತ್ತಿದ್ದೆ. ಒಣಗಿಸುವ ಕೋಣೆಯಲ್ಲಿ ಕಿಟಕಿ ತೆಗೆಯುವಂತಿಲ್ಲ. ಧೂಳು ಗಂಟಲಲ್ಲಿ ಕೂರುತ್ತದೆ. ನನಗೆ ಆಗಲೇ ಕೆಮ್ಮು ಶುರುವಾಗಿತ್ತು.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತು ಹತ್ತಿರವಾಗಿತ್ತು. ಹೊಸದು ತನ್ನಿ, ಯಾರೂ ತರದ್ದು ತನ್ನಿ ಅಂತ ಸಾರ್ ಹೇಳಿದ್ದರು. ಅಮ್ಮ ಒಂದು ಬೆಳಿಗ್ಗೆ ಬುಟ್ಟಿಯ ಮೇಲೆ ಬೇರೆಯಾಗಿ, ಎಲೆಯಲ್ಲಿ ಸುತ್ತಿ, ಒಂದಿಷ್ಟು ಅಣಬೆ ತಂದಳು. ತುಕ್ಕಿನ ಬಣ್ಣ. ಕೊಡೆಯ ನಡುವೆ ಸಣ್ಣ ಮೊನೆ. ಕಾಲಿನ ಮೇಲೆ ಹಳದಿ ಪಟ್ಟಿ. ಮೂಸಿದರೆ ಮೂಲಂಗಿಯ ವಾಸನೆ. ಒಳಗಿನ ಪಾಚಿಯಲ್ಲಿ ಸಿಕ್ಕಿತು, ನೋಡಲಿ ಅಂತ ತಂದೆ ಅಂದಳು.

ಸಾರ್ ಅದನ್ನು ಅಂಗಳದಲ್ಲಿ ನೋಡಿ ಸುಮ್ಮನಿರಲಿಲ್ಲ. ಮೇಡಂ ಮೇಜಿನ ಹತ್ತಿರ ತರಿಸಿದರು. ಚಿತ್ರವಾಯಿತು. ಆಮೇಲೆ ಕಾರಿಡಾರಿನಲ್ಲಿ ನಿಂತು ಅಮ್ಮನನ್ನು ಕೇಳಿದರು. ನನ್ನ ಕೋಣೆಯ ಬಾಗಿಲು ತೆರೆದಿತ್ತು.

"ಇದನ್ನ ತಿಂತೀರಾ?"

"ಗೊತ್ತಿಲ್ಲ ಸಾರ್."

"ಇದೇ ಬಣ್ಣದ್ದು ಇನ್ನೊಂದು ತಿಂತೀರಲ್ಲ."

"ಅದು ಬೇರೆ. ಇದು ನನಗೆ ಗೊತ್ತಿಲ್ಲ. ನಮ್ಮಮ್ಮಂಗೂ ಗೊತ್ತಿರ್ಲಿಲ್ಲ."

ಸಾರ್ ನಕ್ಕರು. ಅವರ ನಗು ಮೆತ್ತಗಿತ್ತು.

"ಗೊತ್ತಿಲ್ಲ ಅಂತ ಪುಸ್ತಕದಲ್ಲಿ ಬರೆಯೋಕಾಗಲ್ಲ ಕಣಮ್ಮ. ತಿನ್ನಬಹುದು, ತಿನ್ನಬಾರದು. ಎರಡೇ ಇರೋದು. ಒಂದು ರಾತ್ರಿ ಕಾಯೋದು ನಿಮ್ಮದೇ ಪದ್ಧತಿ ತಾನೇ?"

ಸಾರ್ ಕಣ್ಣು ಒಂದು ಕ್ಷಣ ನನ್ನ ಬಾಗಿಲ ಕಡೆ ಬಂತು. ಹುಡುಗಿ ಕೆಲಸ ಚೆನ್ನಾಗಿ ಕಲಿತಿದ್ದಾಳೆ ಅಂದರು. ಅಷ್ಟೇ ಅಂದದ್ದು. ಅಮ್ಮ ನನ್ನ ಕಡೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗರ ಮನೆಯೊಳಗೆ ಹೋದಳು. ಸ್ಟವ್ ಹಚ್ಚಿದ ಸದ್ದು ಕೇಳಿಸಿತು. ಮೇಡಂ ತಮ್ಮ ಮೇಜಿನ ಹತ್ತಿರ ಎದ್ದು ನಿಂತಿದ್ದರು. ನಿಂತೇ ಇದ್ದರು.

ಬೆಳಿಗ್ಗೆ ಅಮ್ಮ ಎದ್ದಳು. ನಾನು ಹೋದಾಗ ಬೆಂಚಿನ ಮೇಲೆ ಕೂತು ತಲೆ ಬಾಚುತ್ತಿದ್ದಳು. ಮಗಳೇ, ಬೀಗರ ಊಟ ಅರಗಿತು ಅಂದಳು. ನನಗೆ ಅಳು ಬಂತು, ಅವಳು ಗದರಿದಳು. ಸಾರ್ ಬಂದು ಕಣ್ಣರಳಿಸಿ ನೋಡಿದರು, ನಾಲಿಗೆ ತೋರಿಸು ಅಂದರು, ತೋರಿಸಿದಳು. ಒಂದು ಸಲದ್ದು ಸಾಲದು, ಇನ್ನಷ್ಟು ತಿನ್ನಬೇಕು ಅಂದರು. ಅವಳು ಇನ್ನೆರಡು ಸಲ ತಿಂದಳು. ಎರಡು ಸಲವೂ ರಾತ್ರಿ ಕಳೆಯಿತು. ಎರಡು ಸಲವೂ ಎದ್ದಳು. ತಿನ್ನಬಹುದು ಎಂದು ಸಾರ್ ಬಾಯಲ್ಲಿ ಬಂತು.

ವಾರ ಕಳೆಯಿತು. ಅಮ್ಮನಿಗೆ ಬಾಯಾರಿಕೆ ಶುರುವಾಯಿತು.

ಮೊದಲು ನಾವು ತಮಾಷೆ ಮಾಡಿದೆವು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಹೊಟ್ಟೆಯೊಳಗೆ ಬಾವಿ ತೋಡಿಸ್ತಿದೀಯೇನೇ ಅಂದಳು. ಅಮ್ಮ ನೀರಿನ ಕೊಡದ ಹತ್ತಿರವೇ ಮಲಗುತ್ತಿದ್ದಳು. ಕುಡಿಯುವುದು, ಹೊರಗೆ ಹೋಗುವುದು, ಬಂದು ಮತ್ತೆ ಕುಡಿಯುವುದು. ತುಟಿ ಒಡೆಯಿತು. ಆಮೇಲೆ ಬೆನ್ನು ನೋವು ಅಂದಳು. ಅಣಬೆ ಆಯುವವಳು ಬೆನ್ನು ನೋವು ಅಂದರೆ ಯಾರು ಕೇಳುತ್ತಾರೆ? ಅವಳ ಬೆನ್ನು ನನಗೆ ನೆನಪಿರುವಾಗಿನಿಂದ ನೋಯುತ್ತಲೇ ಇತ್ತು. ಜೀವ ತೆಗೆಯುವ ನೋವು ಬಂದು ದುಡಿಮೆಯ ನೋವಿನ ಜಾಗದಲ್ಲೇ ಕೂತುಕೊಂಡಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಇನ್ನೂ ಸ್ವಲ್ಪ ಕೆಳಗೆ ಅನ್ನುತ್ತಿದ್ದಳು. ಅವಳು ಆ ಸ್ಥಿತಿಯಲ್ಲೂ ಕಾಡಿಗೆ ಹೋದಳು. ಬಗ್ಗಿದವಳು ಏಳಲಾಗದೆ ಅಂಗೈ ಊರಿ ಕೂತಳು ಅಂತ ದೊಡ್ಡಮ್ಮ ಬಂದು ಹೇಳಿದಳು.

ಒಂದು ದಿನ ಅವಳಿಗೆ ಹೊರಗೆ ಹೋಗಬೇಕು ಅನ್ನಿಸುವುದೇ ನಿಂತುಹೋಯಿತು. ಕಾಲು ಊದಿತು, ಮುಖ ಊದಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಏನು ತಿಂದಿದ್ದೀರಿ ಅಂತ ಡಾಕ್ಟರು ಕೇಳಿದರು. ನಿನ್ನೆ, ಮೊನ್ನೆ? ಅಮ್ಮ ಏನೂ ಇಲ್ಲ ಅಂದಳು. ನಾನು ಆ ತುಕ್ಕಿನ ಬಣ್ಣದ ಅಣಬೆಯ ಮಾತೆತ್ತಿದೆ. ಅವಳಿಗೆ ಸಿಟ್ಟು ಬಂತು. ಅದನ್ನು ತಿಂದು ಎಷ್ಟು ದಿನವಾಯಿತು, ಮೂರು ರಾತ್ರಿ ಕಳೆದಿದೀನಿ, ರಾತ್ರಿ ಕಳೆದದ್ದು ಕೊಲ್ಲಲ್ಲ, ತಪ್ಪು ಅದರ ಮೇಲೆ ಹಾಕಬೇಡ ಅಂದಳು. ಅವಳ ಅಮ್ಮ ಕಲಿಸಿದ್ದು ಅದು, ಅವಳ ಅಜ್ಜಿ ಕಲಿಸಿದ್ದು. ಗೊತ್ತಿರುವ ಅಣಬೆಗಳ ಮಟ್ಟಿಗೆ ಆ ಲೆಕ್ಕ ಎಂದೂ ತಪ್ಪಿರಲಿಲ್ಲ. ಗೊತ್ತಿಲ್ಲದ್ದು ಒಂದು ರಾತ್ರಿಯಲ್ಲ, ಎರಡು ವಾರ ಮೈಯೊಳಗೆ ಸುಮ್ಮನೆ ಕೂತಿರಬಲ್ಲದು ಎಂದು ಅವಳಿಗೆ ಯಾರು ಹೇಳಬೇಕಿತ್ತು? ನಾವೂ ಅವಳ ಮಾತನ್ನೇ ನಂಬಿದೆವು. ಅವಳ ಮಾತು ನಂಬಿಯೇ ಇಷ್ಟು ವರ್ಷ ಉಂಡವರು ನಾವು.

ಸಾರ್ ಆಸ್ಪತ್ರೆಗೆ ಬಂದರು. ಮೇಡಂ ಹಿಂದೆ ನಿಂತಿದ್ದರು. ಸಾರ್ ಕಿತ್ತಳೆ ಹಣ್ಣು ತಂದಿದ್ದರು. ಮೂತ್ರಪಿಂಡ ನಿಂತುಹೋಗಿದೆ, ಅಮ್ಮನಿಗೆ ಒಂದು ಹನಿ ನೀರೂ ಕೊಡಬಾರದು ಅಂತ ನರ್ಸ್ ಹೇಳಿ ಹೋಗಿದ್ದಳು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದೆವು. ಹಣ್ಣುಗಳನ್ನು ಸ್ಟೂಲಿನ ಮೇಲೆ ಇಟ್ಟರು. ಅಮ್ಮ ಅವರು ಹೋಗುವವರೆಗೂ ಹಣ್ಣುಗಳನ್ನೇ ನೋಡುತ್ತಿದ್ದಳು.

ವಾರ್ಡಿನ ಹೊರಗೆ ಸಾರ್ ಡಾಕ್ಟರ ಹತ್ತಿರ ಮಾತಾಡುತ್ತಿದ್ದರು. ನಾನು ಬಕೆಟ್ ಹಿಡಿದು ಬಾಗಿಲ ಹಿಂದೆ ಇದ್ದೆ. ಈ ಹೆಂಗಸರು ಕಾಡಲ್ಲಿ ಸಿಕ್ಕಿದ್ದೆಲ್ಲ ಬೇಯಿಸಿ ತಿಂತಾರೆ ಡಾಕ್ಟ್ರೇ, ನಾವು ಎಷ್ಟು ಹೇಳಿದರೂ ಕೇಳಲ್ಲ ಅಂದರು. ಯಾವ ಅಣಬೆ ಇರಬಹುದು ಅಂತ ಡಾಕ್ಟರು ಕೇಳಿದರು. ಸಾರ್ ಅದರ ಬಣ್ಣ ಹೇಳಿದರು, ಮೊನೆ ಹೇಳಿದರು, ವಾಸನೆ ಹೇಳಿದರು. ಎಲ್ಲ ಸರಿಯಾಗಿ ಹೇಳಿದರು. ತಿನ್ನಿಸಿದ್ದು ಯಾರು ಅನ್ನುವುದೊಂದನ್ನು ಬಿಟ್ಟರು. ನನ್ನ ಹಿಂದೆ ಮೇಡಂ ಬಂದು ನಿಂತಿದ್ದರು. ಅವರೂ ಕೇಳಿಸಿಕೊಂಡರು. ನಾನು ಅವರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

ಕೊನೆಯ ಸಂಜೆ ಅಮ್ಮ ಸ್ವಲ್ಪ ಹೊತ್ತು ಎಚ್ಚರವಿದ್ದಳು. ಆ ಅಣಬೆಯೇ ತನ್ನನ್ನು ಕೊಲ್ಲುತ್ತಿದೆ ಎಂದು ಅಷ್ಟರಲ್ಲಿ ಡಾಕ್ಟರ ಮಾತಿನಿಂದ ಅವಳಿಗೆ ತಿಳಿದಿತ್ತು.

"ನಾನು ಗೊತ್ತಿಲ್ಲ ಅಂದಿದ್ದೆ ಅಲ್ವೇನೆ?"

"ಅಂದಿದ್ದೆ ಅಮ್ಮ."

"ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಹಂಗಾದ್ರೆ ಸರಿ."

ಅವಳಿಗೆ ಸಾಯುವ ದುಃಖಕ್ಕಿಂತ ದೊಡ್ಡದೊಂದು ದುಃಖವಿತ್ತು, ತಾನು ತಪ್ಪು ಗುರುತಿಸಿದೆನೇ ಅಂತ. ಅದನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದಳು. ಬೆಳಗಾಗುವ ಮುಂಚೆ ಹೋದಳು. ನೀರಿಲ್ಲದೆ ಹೋದಳು. ಮಣ್ಣು ಮಾಡುವ ಮುಂಚೆ ಅವಳ ಬಾಯಿಗೆ ನೀರು ಬಿಟ್ಟೆವು. ಅದು ಕೆನ್ನೆಯ ಮೇಲಿಂದ ಕಿವಿಗೆ ಇಳಿಯಿತು.

ಸಂಸ್ಥೆ ಕೊಳ್ಳದೆ ಬಿಟ್ಟ ಅಣಬೆಯನ್ನು ನಾವು ಮಾರುಕಟ್ಟೆಯಲ್ಲಿ ಮಾರುತ್ತಿದ್ದೆವು. ಅವಳ ಸಾವು ನಮಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಅಣಬೆ ಮಾರುವವಳೇ ಅಣಬೆ ತಿಂದು ಸತ್ತಳಂತೆ ಅಂತ. ದೊಡ್ಡಮ್ಮನ ಬುಟ್ಟಿಯ ಮುಂದೆ ಜನ ಬಂದು ನಿಂತು, ನೋಡಿ, ಮುಂದೆ ಹೋಗುತ್ತಿದ್ದರು. ನೀವು ಮೊದಲು ತಿಂದು ತೋರಿಸಿ ಅಂತ ಒಬ್ಬ ಅಂದನಂತೆ. ಹೆಂಗಸರು ಇನ್ನು ಮೇಲೆ ಮಾರುಕಟ್ಟೆಯಲ್ಲಿ ಅಣಬೆ ಇಟ್ಟುಕೊಂಡು ಕೂರಬಹುದೋ ಬಾರದೋ ಎಂದು ತೀರ್ಮಾನಿಸಲು ಪುರಸಭೆಯವರು ಸಂಸ್ಥೆಯಲ್ಲಿ ಸಭೆ ಕರೆದರು. ತಿಳಿದವರು ಅಲ್ಲಿದ್ದಾರಲ್ಲ.

ಸಾರ್ ನನ್ನನ್ನು ಕರೆಸಿದರು. ಕೂತುಕೋ ಅಂದರು. ಅಷ್ಟು ವರ್ಷಗಳಲ್ಲಿ ನನಗೆ ಅವರು ಕುರ್ಚಿ ತೋರಿಸಿದ್ದು ಅದೇ ಮೊದಲು. ಅಮ್ಮನ ಬಗ್ಗೆ ಒಳ್ಳೆಯ ಮಾತಾಡಿದರು. ತಮಗೂ ನಿದ್ದೆ ಬರುತ್ತಿಲ್ಲ ಅಂದರು. ಆಮೇಲೆ ಸಭೆಯಲ್ಲಿ ನಾನು ಏನು ಹೇಳಬೇಕು ಎಂದು ತಿಳಿಸಿದರು. ಅಮ್ಮ ತಿನ್ನುವ ಅಣಬೆ ಅಂದುಕೊಂಡು ಆ ತುಕ್ಕಿನ ಬಣ್ಣದ್ದನ್ನು ಕಿತ್ತಳು. ಮನೆಗೆ ತಂದಳು. ಮನೆಯಲ್ಲಿ ಬೇಯಿಸಿ ತಿಂದಳು. ಮೂರೇ ಮಾತು. ಸತ್ತವಳ ಮಗಳ ಬಾಯಿಂದ ಬಂದರೆ ಜನ ನಂಬುತ್ತಾರೆ. ಹೀಗೆ ಹೇಳಿದರೆ ಒಣಗಿಸುವ ಕೋಣೆಯ ಕೆಲಸ ನನಗೆ ಖಾಯಂ. ಹೆಂಗಸರ ಬುಟ್ಟಿಗಳನ್ನು ಸಂಸ್ಥೆಯೇ ನೋಡಿ ಪಾಸು ಮಾಡಿ ಕೊಂಡುಕೊಳ್ಳುತ್ತದೆ, ಅವರು ಮಾರುಕಟ್ಟೆಗೆ ಹೋಗಬೇಕಾಗಿಯೇ ಇಲ್ಲ. ಹೇಳದಿದ್ದರೆ ಸಂಸ್ಥೆಯ ಹೆಸರು ಕೆಡುತ್ತದೆ, ಗೇಟು ಮುಚ್ಚಬೇಕಾಗುತ್ತದೆ. ಯೋಚನೆ ಮಾಡು, ಇದು ನಿನ್ನೊಬ್ಬಳ ವಿಷಯ ಅಲ್ಲ ಅಂದರು.

ಸಭೆಯ ಹಿಂದಿನ ಸಂಜೆ ಚಿತ್ರದ ಮೇಡಂ ನಮ್ಮ ಮನೆಗೆ ಬಂದರು. ಅದಕ್ಕೆ ಮುಂಚೆ ಅವರು ನಮ್ಮ ಓಣಿಗೆ ಬಂದದ್ದೇ ಇರಲಿಲ್ಲ. ಚರಂಡಿ ದಾಟಿ, ತಗಡಿನ ಬಾಗಿಲು ತಟ್ಟಿ, ಬಗ್ಗಿ ಒಳಗೆ ಬಂದರು. ಅಮ್ಮ ಮಲಗುತ್ತಿದ್ದ ಚಾಪೆಯ ಮೇಲೆ ಕೂತರು. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಯಾರು ಕಳಿಸಿದರು ಅಂತ ನಾನು ಕೇಳಲಿಲ್ಲ. ಸಾರ್ ಕಳಿಸಿದರು ಅಂತ ಅವರೇ ಹೇಳಿದರು.

ಆಮೇಲೆ ಚಿತ್ರದ ಮಾತೆತ್ತಿದರು. ಆ ಅಣಬೆಯನ್ನು ಮತ್ತೆ ಬರೆಯಲು ಸಾರ್ ಹೇಳಿದ್ದಾರೆ. ಕಾಲಿನ ಮೇಲಿನ ಹಳದಿ ಪಟ್ಟಿ ಬಿಟ್ಟು, ಮೊನೆ ಸ್ವಲ್ಪ ತಗ್ಗಿಸಿ ಬರೆಯಬೇಕು. ಪಕ್ಕದಲ್ಲಿ ತಿನ್ನುವ ಅಣಬೆ ಇರುತ್ತದೆ. ಎರಡೂ ಅಕ್ಕತಂಗಿಯರ ಹಾಗೆ ಕಾಣಬೇಕು.

"ಬರೆದ್ರಾ?" ಅಂದೆ.

"ಬರೆದೆ."

ಅವರ ಬೆರಳುಗಳಲ್ಲಿ ಇನ್ನೂ ಬಣ್ಣವಿತ್ತು. ನಾನು ನೋಡಿದ್ದನ್ನು ಕಂಡು ಕೈ ಮಡಿಲಿಗೆ ಎಳೆದುಕೊಂಡರು. ಅವರ ಮುಖದ ಮೇಲೆ ನನಗೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಇಷ್ಟು ವರ್ಷ ಕುರ್ಚಿಗಾಗಿ ಕಾದವರು, ಈಗ ಸ್ಟೂಲೂ ಹೋದೀತು ಅಂತ ಹೆದರಿದ್ದರು. ನಾಳೆ ಸಾರ್ ಹೇಳಿದ ಹಾಗೆ ಹೇಳಿಬಿಡು ಅಂತ ಗೋಡೆಯ ಕಡೆ ನೋಡಿಕೊಂಡು ಹೇಳಿದರು. ನಿನಗೆ ವಯಸ್ಸಿದೆ, ನನ್ನ ಹಾಗೆ ಆಗಬೇಡ ಅಂದರು. ನಿಮ್ಮ ಹಾಗೆ ಆಗೋದು ಅಂದರೆ ಹೇಗೆ ಮೇಡಂ, ಹೇಳಿದರೆ ಆಗೋದಾ, ಹೇಳದಿದ್ದರೆ ಆಗೋದಾ ಅಂದೆ. ಅವರು ಎದ್ದು ಹೋದರು. ಚಪ್ಪಲಿ ಅದಲುಬದಲು ಹಾಕಿಕೊಂಡು, ಚರಂಡಿಯ ಹತ್ತಿರ ನಿಂತು ಸರಿಮಾಡಿಕೊಂಡರು.

ಆಮೇಲೆ ದೊಡ್ಡಮ್ಮ ಬಾಯಿ ಬಿಟ್ಟಳು.

"ಅವಳು ನನ್ನ ತಂಗಿ. ನನ್ನ ಹೊಟ್ಟೇನೂ ಉರೀತದೆ. ಆದ್ರೆ ನಾಳೆ ನಾನು ಬುಟ್ಟಿ ಎಲ್ಲಿ ಇಳಿಸ್ಲಿ ಹೇಳು. ಬದುಕಿರೋರು ನಾವು ಕಣೆ."

"ಅಮ್ಮ ತಪ್ಪು ಗುರುತು ಹಿಡಿದ್ಲು ಅಂತ ನಾನೇ ಹೇಳಿದ್ರೆ ನಿನ್ನ ಬುಟ್ಟಿ ಯಾರು ನಂಬ್ತಾರೆ ದೊಡ್ಡಮ್ಮ?"

"ಸಾರ್ ಪಾಸು ಮಾಡ್ತಾರಂತಲ್ಲ."

"ಪಾಸು ಮಾಡೋಕೆ ಮೊದಲು ಯಾರು ತಿಂತಾರೆ?"

ದೊಡ್ಡಮ್ಮ ಮುಖ ಗೋಡೆಯ ಕಡೆ ತಿರುಗಿಸಿ ಮಲಗಿಕೊಂಡಳು. ಅವಳ ಬೆನ್ನು ಅಮ್ಮನ ಬೆನ್ನಿನ ಹಾಗೆಯೇ ಗೂನಾಗಿತ್ತು. ಅದು ಅಲುಗುತ್ತಿತ್ತು.

ಸಭೆಗೆ ನನ್ನನ್ನು ಮುಂದಿನ ಬಾಗಿಲಿಂದ ಕರೆದುಕೊಂಡು ಹೋದರು. ನುಣುಪಾದ ನೆಲ. ಗಾಜಿನ ಕಪಾಟುಗಳಲ್ಲಿ ಸಾಲಾಗಿ ಅಣಬೆಗಳು, ನಾನೇ ಒಣಗಿಸಿದವು, ಈ ಕಡೆಯಿಂದ ಅವುಗಳನ್ನು ನೋಡಿರಲಿಲ್ಲ. ಉದ್ದನೆಯ ಮೇಜಿನ ಸುತ್ತ ಪುರಸಭೆಯವರು. ಅಧ್ಯಕ್ಷರು ನಡುವೆ. ಮಾರುಕಟ್ಟೆಯ ಹೆಂಗಸರನ್ನು ಬಾಗಿಲ ಹೊರಗೆ, ಕಾರಿಡಾರಿನ ನೆಲದ ಮೇಲೆ ಕೂರಿಸಿದ್ದರು. ಅವರಿಗೆ ಒಳಗಿನದು ಕೇಳಿಸಲಿ ಅಂತ ಬಾಗಿಲು ತೆರೆದಿಟ್ಟಿದ್ದರು. ದೊಡ್ಡಮ್ಮ ಅವರ ನಡುವೆ ಇದ್ದಳು. ನನ್ನನ್ನು ಮೇಜಿನ ತುದಿಯಲ್ಲಿ ನಿಲ್ಲಿಸಿದರು.

ಸಾರ್ ಮಾತು ಶುರುಮಾಡಿದರು. ಚೆನ್ನಾಗಿ ಮಾತಾಡಿದರು. ಅಣಬೆ ಎಷ್ಟು ಉಪಕಾರಿ, ಎಷ್ಟು ಅಪಾಯಕಾರಿ. ಓದುಬರಹ ಇಲ್ಲದ ಹೆಂಗಸರು ತಲೆಮಾರುಗಳಿಂದ ಊಹೆಯ ಮೇಲೆ ಆಯುತ್ತಾ ಬಂದಿದ್ದಾರೆ, ಅವರ ಧೈರ್ಯ ದೊಡ್ಡದು, ಆದರೆ ಊಹೆ ಊಹೆಯೇ ಅಂದರು. ಧೈರ್ಯ ಅಂದಾಗ ಕಾರಿಡಾರಿನಲ್ಲಿ ಯಾರೋ ಕೆಮ್ಮಿದರು. ಮೇಡಂಗೆ ಚಿತ್ರ ತೋರಿಸಲು ಹೇಳಿದರು. ಮೇಡಂ ಎದ್ದು ಹಾಳೆ ಎತ್ತಿ ಹಿಡಿದರು. ಎರಡು ಅಣಬೆ. ಅಕ್ಕತಂಗಿಯರ ಹಾಗೆಯೇ ಇದ್ದವು. ಒಳ್ಳೆಯ ಚಿತ್ರ. ಪುರಸಭೆಯವರು ಕುತ್ತಿಗೆ ಮುಂದೆ ಚಾಚಿ ನೋಡಿದರು. ನಾವೇ ಮೋಸ ಹೋಗ್ತೀವಿ, ಪಾಪ ಆಕೆ ಏನು ಮಾಡ್ತಾಳೆ ಅಂತ ಒಬ್ಬರು ಅಂದರು. ಹಾಳೆ ಮೇಡಂ ಮುಖವನ್ನು ಮುಚ್ಚಿತ್ತು. ಅವರು ಅದನ್ನು ಇಳಿಸಲು ಸಾರ್ ಎರಡು ಸಲ ಹೇಳಬೇಕಾಯಿತು.

ಆಮೇಲೆ ಸಾರ್ ನನ್ನ ಕಡೆ ತಿರುಗಿದರು. ಇವಳು ಆಕೆಯ ಮಗಳು, ಇವಳೇ ಹೇಳುತ್ತಾಳೆ ಅಂದರು. ಹೇಳಮ್ಮ, ಹೆದರಬೇಡ ಅಂದರು.

ನನ್ನ ಗಂಟಲಲ್ಲಿ ಒಣಗಿಸುವ ಕೋಣೆಯ ಧೂಳು ಕೂತಿತ್ತು. ಕೆಮ್ಮಿದೆ. ಮೇಜಿನ ಮೇಲೆ ಅಧ್ಯಕ್ಷರ ಮುಂದೆ ಒಂದು ಲೋಟ ನೀರಿತ್ತು, ತಟ್ಟೆ ಮುಚ್ಚಿತ್ತು. ಅದನ್ನು ಯಾರೂ ನನ್ನ ಕಡೆ ತಳ್ಳಲಿಲ್ಲ. ಆಸ್ಪತ್ರೆಯ ಸ್ಟೂಲಿನ ಮೇಲಿನ ಹಣ್ಣುಗಳನ್ನು ನೋಡುತ್ತಿದ್ದ ಕಣ್ಣು ನೆನಪಾಯಿತು. ಅಳು ಬಂತು. ನಾನು ಅಳಬಾರದು ಅಂದುಕೊಂಡು ಹೋಗಿದ್ದೆ. ಅಳು ನನ್ನ ಮಾತು ಕೇಳಲಿಲ್ಲ.

ಸಾರ್ ನಾನು ಬಾಯಿ ತೆರೆಯದ್ದು ನೋಡಿ, ತಾವೇ ನನ್ನ ಪರವಾಗಿ ಹೇಳತೊಡಗಿದರು. ಆಕೆ ತಿನ್ನುವ ಅಣಬೆ ಅಂತ ತಪ್ಪು ತಿಳಿದು ಕಿತ್ತಳು. ಮನೆಗೆ ಒಯ್ದಳು. ಮನೆಯಲ್ಲೇ ಬೇಯಿಸಿ ತಿಂದಳು. ಹೌದು ತಾನೇ?

ಕಾರಿಡಾರಿನಲ್ಲಿ ಬಳೆಯ ಸದ್ದೂ ಇರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅವರು ಕೆಟ್ಟ ಮನುಷ್ಯರ ಹಾಗೆ ಕಾಣಲಿಲ್ಲ.

"ಪಾಪ, ದುಃಖದಲ್ಲಿ ಮಾತು ಬರ್ತಿಲ್ಲ ಆ ಹುಡುಗೀಗೆ," ಅಂದರು. "ಮಾತಾಡೋದು ಬೇಡಮ್ಮ. ಸುಮ್ನೆ ಹೌದು ಅಂತ ತಲೆ ಆಡಿಸು ಸಾಕು. ನಾವು ಬರ್ಕೋತೀವಿ."

ಸಾರ್ ತಾವೇ ಮೆಲ್ಲಗೆ ತಲೆ ಆಡಿಸಿ ತೋರಿಸಿದರು, ಮಗುವಿಗೆ ತೋರಿಸುವ ಹಾಗೆ. ಹೀಗೆ, ಅಷ್ಟೇ. ನಾನು ನನ್ನ ಕುತ್ತಿಗೆಯನ್ನು ಬಿಗಿ ಹಿಡಿದೆ. ಬುಟ್ಟಿ ಹೊತ್ತು ಗಟ್ಟಿಯಾದ ಕುತ್ತಿಗೆ ಅದು.

"ಮಾತು ಬರುತ್ತೆ," ಅಂದೆ. "ನಮ್ಮಮ್ಮ ಅದನ್ನ ಗೊತ್ತಿಲ್ಲ ಅಂದಿದ್ಲು. ಬೇಯಿಸಿದ್ದು ನಮ್ಮನೇಲಲ್ಲ. ಈ ಕಾರಿಡಾರಿನ ಕೊನೇಲಿ. ತಿನ್ನು ಅಂದಿದ್ದು ಈ ಸಾರ್."

ಸಾರ್ ನನ್ನ ಹೆಸರು ಹಿಡಿದು ಕರೆದರು. ಅವರಿಗೆ ನನ್ನ ಹೆಸರು ಗೊತ್ತಿದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ದನಿ ಮೆತ್ತಗೇ ಇತ್ತು. ನಿನಗೆ ಆಯಾಸವಾಗಿದೆ, ಏನೇನೋ ಹೇಳುತ್ತಿದ್ದೀಯ, ತಲೆ ಆಡಿಸಿ ಹೋಗಿಬಿಡು ಅಂದರು.

"ಆಡ್ಸಲ್ಲ," ಅಂದೆ.